ಬಂಡೆಯನ್ನು ಗದರಿಸುವವಳು

ಅಮ್ಮಾ,

ಇವತ್ತು ನಮ್ಮ ಹೊಸ ವಿಡಿಯೋ ಗೇಮಿನ ನಾಯಕಿ ಬಂಡೆ ಹತ್ತಿದಳು. ಮೊದಲು ಅವಳಿಗೆ ಹಿಡಿಯಷ್ಟು ಸೊಂಟ, ಎತ್ತರದ ಹಿಮ್ಮಡಿಯ ಚಪ್ಪಲಿ, ಗಾಳಿಗೆ ಹಾರುವ ಕೂದಲು ಇದ್ದವು. "ಈ ಅವತಾರದಲ್ಲಿ ಮೆಟ್ಟಿಲೂ ಹತ್ತೋಕಾಗಲ್ಲ," ಎಂದು ರೇಗಿದೆ. "ಹಾಗಾದ್ರೆ ನೀನೇ ಹತ್ತಿಸು," ಎಂದರು ನಿರ್ದೇಶಕರು.

ಹತ್ತಿಸಿದೆ. ಈಗ ಅವಳಿಗೆ ನಿನ್ನ ಅಗಲವಾದ ಭುಜ, ತಲೆಗೆ ಬಿಗಿದ ಹಳೇ ಬಟ್ಟೆ. ಗೋಡೆಗೆ ಬಣ್ಣ ಬಳಿಯಲು ಹೋದಲ್ಲೆಲ್ಲ ನೀನು ಏಣಿಯನ್ನು ಒಮ್ಮೆ ಒದ್ದು, "ಬೀಳಿಸಿದ್ಯೋ, ಸೌದೆ ಮಾಡ್ಬಿಡ್ತೀನಿ!" ಎಂದು ಗದರಿಯೇ ಹತ್ತುತ್ತಿದ್ದೆಯಲ್ಲ? ಇವಳೂ ಬಂಡೆಗೊಂದು ಒದೆ ಕೊಟ್ಟು, "ಬೀಳಿಸಿದ್ಯೋ, ಜಲ್ಲಿ ಮಾಡ್ಬಿಡ್ತೀನಿ!" ಅನ್ನುತ್ತಾಳೆ. ಆಫೀಸೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ಎಲ್ಲಿಂದ ಹಿಡ್ಕೊಂಡ್ ಬಂದ್ಯಮ್ಮ ಇವಳನ್ನ?" ಎಂದರು ನಿರ್ದೇಶಕರು.

"ಮನೆಯಿಂದ, ಸಾರ್."

ಆಮೇಲೆ ಅವಳು ಕೈಜಾರಿ ಬೀಳುವ ದೃಶ್ಯ ಮಾಡಬೇಕಿತ್ತು. ಆಟವೆಂದ ಮೇಲೆ ಬೀಳಲೇಬೇಕು. ಬಿದ್ದವಳು ಮರುಕ್ಷಣ ಎದ್ದು ಅಲ್ಲೇ ನಿಲ್ಲುತ್ತಾಳೆ. ಅದನ್ನು ಪಕ್ಕದ ಮೇಜಿನವಳಿಗೆ ಒಪ್ಪಿಸಿ ನಾನು ಹೊರಗೆ ಬಂದೆ.

ಹೊರಗೆ ಎಲೆಕ್ಟ್ರಿಷಿಯನ್ ಏಣಿ ಹತ್ತಿ ಬಲ್ಬು ಬದಲಿಸುತ್ತಿದ್ದ. "ಏಣಿ ಹಿಡ್ಕೊಳ್ಳಲಾ?" ಎಂದೆ. "ಪರವಾಗಿಲ್ಲ ಮೇಡಂ, ನನಗೆ ಅಭ್ಯಾಸ ಇದೆ," ಅಂದ.

ಬಿದ್ದ ದಿನದವರೆಗೂ ನೀನೂ ಹಾಗೇ ಅನ್ನುತ್ತಿದ್ದೆ. ಅವನು ಕೆಳಗಿಳಿಯುವವರೆಗೂ ನಾನು ಏಣಿಯನ್ನು ಎರಡೂ ಕೈಯಲ್ಲಿ ಹಿಡಿದೇ ನಿಂತಿದ್ದೆ, ಅಮ್ಮಾ.