ಕುಮಾರಿ ಅಪ್ಪನ ಹೆಸರಿನ ಚೀಟಿ

ಮದ್ದೂರು, ಗುಂಡ್ಲುಪೇಟೆ ತಾಲ್ಲೂಕು
12-12-2024, ಗುರುವಾರ

ನಮ್ಮ ಕುಮಾರಿಯ ಅಪ್ಪನಿಗೆ,

ಹೇಗಿದ್ದೀರಿ? ನಿದ್ದೆ ಹತ್ತುತ್ತಿದೆಯೇ? ನಿಮ್ಮ ತಂಗಿ ಚಿಕ್ಕಮಲ್ಲಮ್ಮ ಹೊಟ್ಟೆ ತುಂಬ ಬಡಿಸುತ್ತಾಳೆ, ಗೊತ್ತು. ನೀವು ಮುದ್ದೆಯನ್ನು ಕಿವುಚಿಟ್ಟು ಎದ್ದು ಹೋಗುವುದೂ ಗೊತ್ತು. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಬರೆದಿದ್ದೇನೆ. ಅವರೆಕಾಯಿ ಬಂದಿದೆ. ಮೊನ್ನೆ ಕುಮಾರಿ ಹಿತಕಿದ ಬೇಳೆ ಸಾರು ಮಾಡಿ, ಅಪ್ಪನಿಗೆಂದು ಒಂದು ಬಟ್ಟಲು ತೆಗೆದಿಟ್ಟು, ಆಮೇಲೆ ಅದನ್ನು ಮತ್ತೆ ಪಾತ್ರೆಗೇ ಸುರಿದಳು. ಫೋನ್ ಮಾಡಿದರೆ ನೀವು ತೆಗೆಯುವುದಿಲ್ಲ. ತಂಗಿ ಕೊಟ್ಟರೆ ಹೂಂ ಎಂದು ಇಟ್ಟುಬಿಡುತ್ತೀರಿ. ಕಾಗದಕ್ಕೆ ಹಾಗೆ ಮಾಡಲು ಬರುವುದಿಲ್ಲ ನೋಡಿ. ಅದಕ್ಕೇ ಶಾಲೆಯ ಬಿಸಿಯೂಟದ ಪಾತ್ರೆ ತೊಳೆದು ಬಂದವಳೇ ಬರೆಯಲು ಕೂತೆ.

ಕಾಡಿನಲ್ಲಿ ನಿಮ್ಮ ಜೊತೆ ವಾಚರ್ ಆಗಿದ್ದ ಬೆಟ್ಟಯ್ಯನನ್ನು ಆನೆ ತುಳಿದಾಗಿನಿಂದ ನಿಮ್ಮದು ಒಂದೇ ಮಾತು: “ನಾ ಓಡ್ಬುಟ್ಟೆ ಕಣಮ್ಮಿ, ಅವ್ನ ಬುಟ್ಬುಟ್ಟು ಓಡ್ಬುಟ್ಟೆ.” ಆನೆಯ ಮುಂದೆ ಯಾವ ಮಗ ನಿಲ್ಲುತ್ತಾನೆ? ಓಡಿ ಎಂದು ಹೇಳಿಕೊಟ್ಟವರೇ ಇಲಾಖೆಯವರಲ್ಲವೇ? ಎಷ್ಟು ಹೇಳಿದರೂ ಗೋಡೆಗೆ ಹೇಳಿದ ಹಾಗಾಯಿತು. ತಂಗಿಯ ಮನೆಗೆಂದು ಚಂದಕವಾಡಿಗೆ ಹೊರಟ ದಿನ ನೀವು ಟಾರ್ಚು, ಕೈಗಡಿಯಾರ ಎರಡನ್ನೂ ಕುಮಾರಿಗೆ ಕೊಟ್ಟು, “ನಾನಿಲ್ದೇ ಓದ್ರೂ ನಿಮ್ಮವ್ವ ನಿಭಾಯಿಸ್ತಳೆ ಬುಡು” ಎಂದಿರಿ. ಆ ಗಡಿಯಾರವನ್ನು ಅವಳು ಕಟ್ಟಿಕೊಂಡಿಲ್ಲ. ಅವತ್ತಿನಿಂದ ನನಗೆ ಬಸ್ಸು ನಿಂತರೆ ಭಯ, ಫೋನ್ ಬಂದರೆ ಭಯ.

ಊರವರು ಗಾಳಿ ಸೋಕಿದೆ ಎಂದರು. ನಾನು ಗುಂಡ್ಲುಪೇಟೆಗೆ ಹೋದೆ. ಅಲ್ಲೊಬ್ಬ ಕೌನ್ಸೆಲಿಂಗ್ ಎಂದು ಬೋರ್ಡು ಹಾಕಿಕೊಂಡವನು ನಿಮ್ಮ ನಕ್ಷತ್ರ ಕೇಳಿ ತಾಯತ ತೆಗೆದ. ಎದ್ದು ಬಂದೆ. ಮೈಸೂರಿನ ಕ್ಲಿನಿಕ್ಕೊಂದಕ್ಕೆ ಫೋನ್ ಮಾಡಿದರೆ, ಆಯುಷ್ಮಾನ್ ಕಾರ್ಡು ನಡೆಯುವುದಿಲ್ಲ ಎಂದರು. ಇನ್ನೊಂದು ಕಡೆ, ಮಲಗಿಸಿಕೊಂಡರೆ ಕಾರ್ಡು ನಡೆಯುತ್ತದೆ, ಕೂರಿಸಿ ಮಾತಾಡಿಸುವುದಕ್ಕೆ ಇಲ್ಲ ಎಂದರು. ಕಾಲು ಮುರಿದುಕೊಂಡಿದ್ದರೆ ಎಷ್ಟು ಸಲೀಸಾಗಿತ್ತು ಎಂದು ಬಸ್ ಸ್ಟ್ಯಾಂಡಿನಲ್ಲಿ ನಿಂತು ಅತ್ತೆ. ಕೊನೆಗೆ ನಮ್ಮ ಹೆಡ್‌ಮಾಸ್ಟರ್ ರಾಜಶೇಖರ್ ಅವರು, ಇಂಥದ್ದಕ್ಕೆಂದೇ ಓದಿ ನೋಂದಣಿ ಮಾಡಿಸಿಕೊಂಡ ಸಮಾಜ ಕಾರ್ಯಕರ್ತರಿರುತ್ತಾರೆ, ಚಾಮರಾಜನಗರದ ಟ್ರಸ್ಟ್ ಆಸ್ಪತ್ರೆಯಲ್ಲಿ ಒಬ್ಬರಿದ್ದಾರಂತೆ, ಕಾರ್ಡನ್ನೂ ಒಪ್ಪುತ್ತಾರಂತೆ ಎಂದರು. ನಿನ್ನೆ ರಜೆ ಹಾಕಿ ಹೋದೆ. ಕುಮಾರಿಗೆ ಕಾಲೇಜಿನಲ್ಲಿ ಪರೀಕ್ಷೆ, ಅದಕ್ಕೇ ನಾನೊಬ್ಬಳೇ.

ಅಲ್ಲೇ ಆದದ್ದು ಎಡವಟ್ಟು. ಕೌಂಟರಿನ ಹೆಂಗಸು ಪೇಷಂಟ್ ಹೆಸರು ಕೇಳಿದಳು. “ನಮ್ಮನೆಯೋರು” ಎಂದೆ. “ಎಸ್ರೇಳವ್ವ.” “ಕುಮಾರಿ ಅಪ್ಪ.” ಹಿಂದೆ ಸಾಲಿನಲ್ಲಿದ್ದವರು ನಕ್ಕರು. ರೇಷನ್ ಅಂಗಡಿಯಲ್ಲಾಗಲಿ ಬ್ಯಾಂಕಿನಲ್ಲಾಗಲಿ ನಿಮ್ಮ ಹೆಸರನ್ನು ಮಗಳೇ ಹೇಳುವುದಲ್ಲವೇ? ಗಂಡನ ಹೆಸರೆತ್ತಿದರೆ ಅವನ ಆಯಸ್ಸು ಸವೆಯುತ್ತದೆ ಎಂದು ನಮ್ಮವ್ವ ಮದುವೆಯ ದಿನ ಹೇಳಿ ಕಳಿಸಿದ್ದಳು. ಮೊದಲೇ ಹೆದರಿದ್ದೆ, ಈಗ ಹೇಗೆ ಹೇಳಲಿ? ನನ್ನ ಕೈಯಲ್ಲಿದ್ದ ಕಾರ್ಡನ್ನೇ ಆಕೆ ಕಸಿದು ನೋಡಿದಳು. ಅದು ನನ್ನ ಕಾರ್ಡು. ಚೀಟಿ ನನ್ನ ಹೆಸರಿಗೇ ಬಂತು. ನಾನೇ ರೋಗಿಯಾಗಿ ಒಳಗೆ ಹೋದೆ.

ಒಳಗಿದ್ದಾಕೆಯ ಹೆಸರು ಭವ್ಯ. ನಮ್ಮ ಕುಮಾರಿಗಿಂತ ನಾಲ್ಕಾರು ವರ್ಷ ದೊಡ್ಡವಳಿರಬಹುದು. ಇವಳೇನು ಮಾಡಿಯಾಳು ಎಂದುಕೊಂಡೆ. “ಕೂತ್ಕೊಳ್ಳಿ ಗುರುಮಲ್ಲಮ್ಮ, ರಾತ್ರಿ ನಿದ್ದೆ ಬರುತ್ತಾ ನಿಮಗೆ?” ಎಂದಳು. ನನ್ನನ್ನು ಯಾರೂ ಅದನ್ನು ಕೇಳಿರಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡರೂ ಅಳು ನಿಲ್ಲಲಿಲ್ಲ, ನಿಮ್ಮ ವಿಷಯವೆಲ್ಲ ಹೊರಗೆ ಬಂತು. ಗಡಿಯಾರದ ವಿಷಯಕ್ಕೆ ಬಂದಾಗ ಆಕೆ ಪೆನ್ನು ಕೆಳಗಿಟ್ಟಳು. ಈಗ ಎಲ್ಲಿದ್ದಾರೆ, ಜೊತೆಯಲ್ಲಿ ಯಾರಿದ್ದಾರೆ, ಒಬ್ಬರೇ ಓಡಾಡುತ್ತಾರೆಯೇ ಎಂದು ಕೇಳಿ, ನನ್ನ ಎದುರಿಗೇ ನಿಮ್ಮ ತಂಗಿಗೆ ಫೋನ್ ಮಾಡಿಸಿದಳು. ನಿನ್ನೆಯಿಂದ ಚಿಕ್ಕಮಲ್ಲಮ್ಮ ನಿಮ್ಮ ಬೆನ್ನು ಬಿಡದಿರುವುದು ಅದಕ್ಕೇ. ಕೋಪ ಬಂದರೆ ನನ್ನ ಮೇಲೆ ಮಾಡಿಕೊಳ್ಳಿ, ಅವಳನ್ನು ಬೈಯಬೇಡಿ.

ಓಡಿ ಬಂದವರಿಗೆಲ್ಲ ಹೀಗೆ ಆಗುತ್ತದೆ, ಇದಕ್ಕೆ ದಾರಿಯಿದೆ, ಬೇಕಾದರೆ ಅಲ್ಲೇ ಡಾಕ್ಟರೂ ನೋಡುತ್ತಾರೆ ಎಂದು ಭವ್ಯ ಹೇಳಿದಳು. ಆದರೆ ನಿಮ್ಮ ಬದಲು ನಾನು ಕೂತು ಬಂದರೆ ಆಗುವುದಿಲ್ಲವಂತೆ, ನೀವೇ ಬರಬೇಕಂತೆ. ಶನಿವಾರ ಬೆಳಿಗ್ಗೆ ಬರಲು ಹೇಳಿದ್ದಾಳೆ. ನನಗೂ ಬಾ ಎಂದಿದ್ದಾಳೆ, ಪಕ್ಕದ ಕುರ್ಚಿಗೆ. ಈ ಕಾಗದವನ್ನು ಕುಮಾರಿಯೇ ತರುತ್ತಿದ್ದಾಳೆ. ಅವಳ ಎದುರಿಗೇ ಓದಿ. ಶನಿವಾರ ಅವಳ ಜೊತೆ ಬಸ್ಸು ಹತ್ತಿ, ನಾನು ಚಾಮರಾಜನಗರದ ಸ್ಟ್ಯಾಂಡಿನಲ್ಲಿ ಕಾಯುತ್ತಿರುತ್ತೇನೆ.

ತಂಗಿಯ ಮನೆಯವರನ್ನೆಲ್ಲ ಕೇಳಿದೆನೆಂದು ಹೇಳಿ. ಮಾದಪ್ಪ ನಿಮ್ಮನ್ನು ಕಾಯಲಿ.

ನಿಮ್ಮ ದಾರಿ ನೋಡುತ್ತಿರುವ
ಗುರುಮಲ್ಲಮ್ಮ

ತಾ.ಕ.: ಬಸ್ಸಿಗೆ ಹೊತ್ತಾಯಿತು, ಕುಮಾರಿ ಚಪ್ಪಲಿ ಮೆಟ್ಟಿ ನಿಂತಿದ್ದಾಳೆ. ನಿಮ್ಮ ಗಡಿಯಾರ ಅವಳ ಹತ್ತಿರವಿದೆ, ಇಸಿದುಕೊಂಡು ಕಟ್ಟಿಕೊಳ್ಳಿ. ಕೌಂಟರಿನಲ್ಲಿ ಹೆಸರು ಕೇಳಿದರೆ ನೀವು ಬಾಯಿ ಬಿಡಬೇಕಾಗಿಲ್ಲ, ನಾನೇ ಹೇಳುತ್ತೇನೆ. ಬೆಳಿಗ್ಗೆ ಕೊಟ್ಟಿಗೆಯಲ್ಲಿ ನಿಂತು ಗಟ್ಟಿಯಾಗಿ ಹೇಳಿ ನೋಡಿದೆ. ಹಸು ತಿರುಗಿ ನೋಡಿತು, ಇನ್ನೇನೂ ಆಗಲಿಲ್ಲ. ಅವ್ವ ಬೈದರೆ ಬೈಯಲಿ. ನೀವು ಇಲ್ಲದೆ ನಾನು ನಿಭಾಯಿಸುವುದಿಲ್ಲ, ಬನ್ನಿ ಪುಟ್ಟಮಾದು.