ಪೂಜೆಯಾದ ಹಾರ್ಡ್ ಡಿಸ್ಕ್

ನಂಜನಗೂಡು
12 ಅಕ್ಟೋಬರ್ 2008

ಟಿ. ನರಸೀಪುರದ ಶಿವರಾಜು ಅವರಿಗೆ ಪವಿತ್ರ ಮಾಡುವ ಶರಣು.

ಕಾಗದ ನೋಡಿದ ಕೂಡಲೇ ಹುಬ್ಬು ಗಂಟಿಕ್ಕಬೇಡಿ. ಫೋನಿನಲ್ಲಿ ಹೇಳುವ ಧೈರ್ಯವಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಯುಗಾದಿ ಮುಗಿದ ಮೇಲೆ ಜಗಳವಾಡಿ ತವರಿಗೆ ಬಂದಾಗ ಸಿಟ್ಟಿನಲ್ಲಿ ನಿಮ್ಮ ಲ್ಯಾಪ್‌ಟಾಪನ್ನೂ ಎತ್ತಿಕೊಂಡು ಬಂದೆನಲ್ಲ. ಇಷ್ಟು ದಿನ ಸುಮ್ಮನಿದ್ದವರು ಹೋದ ತಿಂಗಳು ನಿಮ್ಮ ಗೆಳೆಯ ನಂಜುಂಡಸ್ವಾಮಿಯ ಕೈಲಿ ಹೇಳಿಕಳಿಸಿದಿರಿ. ತೀರಿಹೋದ ನಿಮ್ಮಪ್ಪನ ವರ್ಷದ ದಿನ ನೆಂಟರಿಗೆಲ್ಲ ಅವರು ಹಾಡಿದ ತತ್ವಪದ ಕೇಳಿಸಬೇಕು, ಅದು ಇರುವ ಲ್ಯಾಪ್‌ಟಾಪ್ ಬೇಕು ಎಂದು. ಹೆಂಡತಿ ಬೇಕು ಎನ್ನಲಿಲ್ಲ. ನನಗೆ ಉರಿದುಹೋಯಿತು. ಆಮೇಲೆ, ಅದನ್ನು ಚೆನ್ನಾಗಿ ಮಾಡಿಸಿ ನಾನೇ ತಂದುಕೊಟ್ಟರೆ ಬಾಗಿಲಲ್ಲೇ ನಿಲ್ಲಿಸಿ ಕಳಿಸುತ್ತಾರೆಯೇ, ಒಂದು ಲೋಟ ಕಾಫಿಯನ್ನಾದರೂ ಕೊಟ್ಟಾರು ಎಂದುಕೊಂಡೆ.

ನಿಮಗೇ ಗೊತ್ತು, ಅದನ್ನು ಆನ್ ಮಾಡಿ ಒಂದು ಮೊರ ಅಕ್ಕಿ ಆರಿಸಿ ಮುಗಿಸಿದರೂ ಪರದೆ ಬೆಳಗುತ್ತಿರಲಿಲ್ಲ. ಕಂಪ್ಯೂಟರ್ ಅಂಗಡಿಯ ಚಲುವಯ್ಯ ರ‍್ಯಾಮ್ ಹೆಚ್ಚಿಸಿ, ಹೊಸ ಹಾರ್ಡ್ ಡಿಸ್ಕ್ ಹಾಕಿದರು. ಹಳೆಯದನ್ನು ಬಿಚ್ಚಿ ನನ್ನ ಕೈಗಿಟ್ಟು, “ಇದ್ರಲ್ಲಿರೋದ್ನ ಹೊಸದಕ್ಕೆ ತುಂಬೋ ಕೇಬಲ್ಲು ಮೈಸೂರಿಂದ ಬರ್ಬೇಕು ಕಣಮ್ಮ. ಹಬ್ಬ ಕಳೀಲಿ, ತಕ್ಕೊಂಡ್ ಬನ್ನಿ” ಅಂದರು.

ಆಯುಧಪೂಜೆ ಬಂತು. ಅವ್ವ ಕುಡುಗೋಲು, ಈಳಿಗೆಮಣೆ, ಲ್ಯಾಪ್‌ಟಾಪ್ ಎಲ್ಲಕ್ಕೂ ವಿಭೂತಿ ಹಚ್ಚಿದಳು. ಆ ಡಿಸ್ಕನ್ನು ಪಕ್ಕದಲ್ಲಿಟ್ಟವಳು ನಾನೇ. ಮಾವನ ದನಿ ಇರುವುದು ಅದರಲ್ಲೇ, ಅದಕ್ಕೂ ಒಂದು ಹೂವು ಬೀಳಲಿ ಎನ್ನಿಸಿತು. ಹಬ್ಬ ಕಳೆದು ಅಂಗಡಿಗೆ ಹೊರಟು ನೋಡಿದರೆ ಡಿಸ್ಕ್ ಇಲ್ಲ. ಅವ್ವನನ್ನು ಕೇಳಿದೆ. “ಬಿಚ್ಚಾಕಿದ್ ಅಳೇದು ಅಂದ್ಯಲ್ಲವ್ವ. ಪೂಜೆ ಆಗಿದ್ದನ್ನ ಕಸಕ್ಕೆ ಎಸೀಬಾರ್ದು ಅಂತ ಒಣಗಿದ್ ಊವಿನ ಜೊತೆ ಒಳೆಗೆ ಬುಟ್ಬುಟ್ಟು ಬಂದೆ” ಅಂದಳು.

ಕಪಿಲಾ ಹೊಳೆಗೆ ಓಡಿದೆ. ಸೀರೆ ಎತ್ತಿ ಕಟ್ಟಿ ಮಂಡಿಯುದ್ದ ನೀರಿನಲ್ಲಿ ತಡಕಾಡಿದೆ. ಯಾರದೋ ಮನೆಯ ದೇವರ ಪಟದ ಕಟ್ಟು ಸಿಕ್ಕಿತು, ಅದು ಸಿಗಲಿಲ್ಲ.

ಅವ್ವನನ್ನು ಬಯ್ಯಲಾಗಲಿಲ್ಲ. ಅವಳು ಅದಕ್ಕೆ ಮರ್ಯಾದೆಯನ್ನೇ ಮಾಡಿದ್ದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಟ್ರಂಕಿನಲ್ಲಿಟ್ಟು ಬೀಗ ಹಾಕಬೇಕಿತ್ತು. ನಿಮ್ಮಪ್ಪನ ದನಿ ನಿಮಗೆ ಇಲ್ಲದಂತೆ ಮಾಡಿಬಿಟ್ಟೆ. ಇನ್ನು ನೆಂಟರಿಗೆ ಏನು ಕೇಳಿಸುತ್ತೀರಿ?

ಲ್ಯಾಪ್‌ಟಾಪನ್ನು ನಂಜುಂಡಸ್ವಾಮಿಯ ಕೈಲೇ ಕಳಿಸುತ್ತಿದ್ದೇನೆ. ಈಗ ಒತ್ತಿದ ತಕ್ಷಣ ಬೆಳಗುತ್ತದೆ, ಒಳಗೆ ಏನೂ ಇಲ್ಲ. ತಂದುಕೊಡಲು ನನಗೆ ಮುಖವಿಲ್ಲ.

ಇನ್ನೂ ನಿಮ್ಮವಳೇ ಆಗಿರುವ,
ಪವಿತ್ರ

ಮತ್ತೊಂದು ಮಾತು: ಪದ ಮುಗಿದು ಮಾವನಿಗೆ ಕೆಮ್ಮು ಬಂದಾಗ “ಸಾಕು ಕಣಪ್ಪ, ನೀರು ಕುಡಿ” ಎಂದಿದ್ದಿರಲ್ಲ, ಅದೂ ಅದರಲ್ಲಿತ್ತು. ಇಲ್ಲಿಗೆ ಬಂದ ಮೇಲೆ ದಿನಾ ಸಂಜೆ, ಆ ಆಮೆಯಂಥ ಲ್ಯಾಪ್‌ಟಾಪ್ ಎದ್ದೇಳುವ ತನಕ ಕಾದು ಕೂತು, ಪದವನ್ನೆಲ್ಲ ಮುಂದಕ್ಕೆ ಓಡಿಸಿ, ನಿಮ್ಮ ಆ ಒಂದು ಮಾತನ್ನಷ್ಟೇ ಕೇಳುತ್ತಿದ್ದೆ. ಈ ಸಲ ನಂಜುಂಡಸ್ವಾಮಿಯ ಕೈಲಿ ಏನೂ ಹೇಳಿಕಳಿಸಬೇಡಿ. ಫೋನ್ ಮಾಡಿ ನೀವೇ ಬೈದುಬಿಡಿ.