ನಾಲ್ಕು ಗಂಟೆಗೆ ಬಂದ ಫೋನು

ಟೇಕಲ್
ಡಿಸೆಂಬರ್ ೮, ಸೋಮವಾರ

ಮಗ ಗಂಗಾಧರನಿಗೆ ಅಮ್ಮನ ಆಶೀರ್ವಾದ.

ಹೇಗಿದ್ದೀಯಪ್ಪ? ಕ್ರೇನ್ ಹತ್ತಿ ಇಳಿದು ಬಂದ ಸೊಂಟನೋವು ಕಡಿಮೆಯಾಯಿತೇ? ಆ ಗುಜರಾತಿನ ಬಂದರಿನಲ್ಲಿ ಮುದ್ದೆ ಎಲ್ಲಿ ಸಿಗಬೇಕು, ಕಟ್ಟಿ ಕಳಿಸಿದ ರಾಗಿಹಿಟ್ಟನ್ನಾದರೂ ಹುಳ ಬೀಳುವ ಮೊದಲು ಮುಗಿಸು. ನನ್ನ ಬಿಪಿ ಇದ್ದಹಾಗೇ ಇದೆ. ನಿನ್ನ ಹೆಂಡತಿ ಗಂಗಾಲಕ್ಷ್ಮಿ ಕತ್ತಲಿರುವಾಗಲೇ ಕಂಪನಿ ವ್ಯಾನು ಹತ್ತುತ್ತಾಳೆ, ಬಂದು ಚಪ್ಪಲಿ ಬಿಡುವಷ್ಟರಲ್ಲಿ ತೂಕಡಿಸುತ್ತಾಳೆ. ದಿನವೂ ಫೋನ್ ಮಾಡುವವನಿಗೆ ಈ ಮುದುಕಿ ಕಾಗದ ಯಾಕೆ ಬರೆದಳು ಎನ್ನಬೇಡ. ನಮ್ಮದು ಒಂದೇ ಕೋಣೆಯ ಮನೆ. ಫೋನಿನಲ್ಲಿ ಆಡಿದ್ದೆಲ್ಲ ನಿನ್ನ ಮಗಳ ಕಿವಿಗೆ ಬೀಳುತ್ತದೆ.

ಹತ್ತನೇ ಕ್ಲಾಸಿನ ಮಕ್ಕಳನ್ನು ಮೇಷ್ಟ್ರು ಐದು ಗಂಟೆಗೆ ಫೋನ್ ಮಾಡಿ ಎಬ್ಬಿಸುವುದು ನಿನಗೆ ಗೊತ್ತಿದ್ದದ್ದೇ. ಮೌನಿಕಾ "ಎದ್ದೆ ಸಾರ್" ಎನ್ನಬೇಕು, ಪುಸ್ತಕ ಹಿಡಿದ ಫೋಟೋ ಕಳಿಸಬೇಕು, ರೈಲು ಹಿಡಿದು ಏಳಕ್ಕೆಲ್ಲ ಮಾಲೂರಿನ ಸ್ಪೆಷಲ್ ಕ್ಲಾಸಿನಲ್ಲಿ ಕೂರಬೇಕು. ಸಂಜೆ ಮತ್ತೊಂದು ಸ್ಪೆಷಲ್ ಕ್ಲಾಸು. ಮಗು ಮಲಗುವಾಗ ಹನ್ನೆರಡು ಹೊಡೆದಿರುತ್ತದೆ. ಹಸಿವಿಗೆ ರುಚಿ ಬೇಡ, ನಿದ್ದೆಗೆ ಹಾಸಿಗೆ ಬೇಡ ಎಂದು ನಿಮ್ಮಪ್ಪ ತೆಲುಗಿನಲ್ಲಿ ಹೇಳುತ್ತಿದ್ದರಲ್ಲ, ಈ ಕೂಸು ಮುದ್ದೆಯ ತುತ್ತನ್ನು ಕೈಯಲ್ಲಿ ಹಿಡಿದೇ ನಿದ್ದೆಹೋಗುತ್ತದೆ. ಹೋದ ವಾರ ರೈಲಿನಲ್ಲಿ ಮಲಗಿಬಿಟ್ಟು, ಮಾಲೂರು ದಾಟಿ ವೈಟ್‌ಫೀಲ್ಡ್ ಸೇರಿದಳು. ಅಳುತ್ತ ವಾಪಸು ಬಂದವಳನ್ನು ಮಧ್ಯಾಹ್ನದವರೆಗೆ ಕ್ಲಾಸಿನ ಆಚೆ ನಿಲ್ಲಿಸಿದರಂತೆ. ಇದನ್ನು ನಿನಗೆ ಹೇಳಬೇಡವೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು.

ಶನಿವಾರದ ಪೋಷಕರ ಮೀಟಿಂಗಿನಲ್ಲಿ ವಿಜ್ಞಾನದ ಮೇಷ್ಟ್ರು ಚೈತನ್ಯ ಎದ್ದು ನಿಂತರು. ಇನ್ನೂ ಮೀಸೆ ಸರಿಯಾಗಿ ಬಾರದ ಹುಡುಗ. ಬೆಳಗಿನ ಕ್ಲಾಸೂ ಬೇಡ, ಫೋನೂ ಬೇಡ, ಒಂಬತ್ತೂವರೆಗೆ ಶಾಲೆ ಶುರುಮಾಡೋಣ, ಈ ವಯಸ್ಸಿನಲ್ಲಿ ನಿದ್ದೆಗೆಟ್ಟರೆ ಪಾಠ ತಲೆಗೆ ಹತ್ತುವುದಿಲ್ಲ, ಮನಸ್ಸೂ ಕೆಡುತ್ತದೆ ಎಂದರು. ತಾಯಂದಿರು ಕೆಲವರು ತಲೆಯಾಡಿಸಿದರು. ಇನ್ನೇನು ಕೈ ಎತ್ತಬೇಕು, ಅಷ್ಟರಲ್ಲಿ ಗಂಗಾಲಕ್ಷ್ಮಿಯ ಮೊಬೈಲಿನ ಸ್ಪೀಕರಿನಿಂದ ನಿನ್ನ ಗಂಟಲು! "ಐದಕ್ಕಲ್ಲ ಸಾರ್, ನಾಲ್ಕಕ್ಕೇ ಫೋನ್ ಮಾಡಿ. ನಿದ್ದೆ ಮಾಡ್ದೋರ್ಯಾರೂ ಉದ್ಧಾರ ಆಗಿಲ್ಲ." ಜನ ಚಪ್ಪಾಳೆ ತಟ್ಟಿದರು. ಚೈತನ್ಯ ಮೇಷ್ಟ್ರು ಕೂತುಬಿಟ್ಟರು. ಮೌನಿಕಾ ನನ್ನ ಪಕ್ಕದಲ್ಲೇ ಇದ್ದಳು ಕಣೋ. ಅವಳ ಮುಖ ನೀನು ನೋಡಲಿಲ್ಲ, ನಾನು ನೋಡಿದೆ. ನನಗೆ ನಿನ್ನ ಮೇಲೆ ಕೆಟ್ಟ ಸಿಟ್ಟು ಬಂದಿದೆ. ಹತ್ತನೇ ಕ್ಲಾಸಿನಲ್ಲಿ ನಿನ್ನನ್ನು ಎಬ್ಬಿಸಬೇಕಾದರೆ ಚೊಂಬು ನೀರು ಸುರಿಯಬೇಕಿತ್ತು, ಮರೆತೆಯಾ ಕುಂಭಕರ್ಣ? ನೀನೇನು ಹಾಳಾಗಿ ಹೋದೆಯಾ?

ಇವತ್ತು ಫೋನು ನಾಲ್ಕಕ್ಕೇ ಬಂತು. ನೀನು ಕೇಳಿದ್ದು ನಡೆಯಿತು. ಜ್ವರ ಎಂದು ಸುಳ್ಳು ಹೇಳಿ ಅವಳನ್ನು ಮನೆಯಲ್ಲಿ ಉಳಿಸಿಕೊಂಡಿದ್ದೇನೆ. ಒಳಗೆ ಮಲಗಿದ್ದಾಳೆ, ನಾನು ಹೊಸ್ತಿಲಲ್ಲಿ ಕೂತು ಬರೆಯುತ್ತಿದ್ದೇನೆ. ಹೆಡ್‌ಮೇಷ್ಟ್ರಿಗೆ ನೀನೇ ಫೋನ್ ಮಾಡಿ, ಅವತ್ತು ಆಡಿದ ಮಾತು ವಾಪಸು ತಗೊಂಡೆ ಎಂದು ಹೇಳು. ಸೊಂಟಕ್ಕೆ ಎಣ್ಣೆ ಹಚ್ಚಿಕೋ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ,
ಮುನಿಗಂಗಮ್ಮ

ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಬೆಳಿಗ್ಗೆ ಜಡೆ ಹಾಕುವಾಗ ಮೌನಿ, "ಯಾರ್ ಫೋನ್ ಮಾಡಿದ್ರೂ ಎಬ್ಸೋಕಾಗ್ದಂಗೆ ಮಲಗ್ಬಿಡ್ಬೇಕು ಅಜ್ಜೀ" ಎಂದಳು. ಅಳಲಿಲ್ಲ, ಸುಮ್ಮನೆ ಅಂದಳು. ನನ್ನ ಮಾತ್ರೆ ಡಬ್ಬಿಯನ್ನು ಪಕ್ಕದ ಮನೆ ಶ್ಯಾಮಲಮ್ಮನ ಹತ್ತಿರ ಕೊಟ್ಟು ಬಂದಿದ್ದೇನೆ. ಗಂಗಾಲಕ್ಷ್ಮಿಗೆ ಕೆಲಸ ಬಿಟ್ಟು ಬಾ ಎಂದು ಹೇಳಿಸಿದ್ದೇನೆ, ಬಂದ ಕೂಡಲೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇವೆ. ಅಂಚೆಯನ್ನು ನಂಬಿ ಕೂರುವ ಹೊತ್ತಲ್ಲ ಇದು, ಶ್ಯಾಮಲಮ್ಮ ಈ ಕಾಗದದ ಫೋಟೋ ತೆಗೆದು ನಿನ್ನ ಮೊಬೈಲಿಗೆ ಕಳಿಸುತ್ತಾಳೆ. ನೋಡಿದ ತಕ್ಷಣ ಮಗಳಿಗೆ ಫೋನ್ ಮಾಡು. ಓದಿನ ಮಾತು ಎತ್ತಬೇಡ. ನಾನು ಬರ್ತಾ ಇದೀನಿ ಮಗಳೇ ಅನ್ನು. ಅಂದ ಮೇಲೆ ಬಾ.